ಕೂಲರ್ ಇದ್ದ ಗ್ವಾಡಿ

ಬೆಂಕಿಗೂಡು ಕಟ್ಟಸ್ತೀನಿ ಅಂದ್ರು ಇವ್ರು,
ಅದೂ ಚೈತ್ರದಾಗ,
ಯರಮರಸಿನ ಡಾಂಬರು ಚಪ್ಪಲಿಗೆ ಅಂಟೋ ಹೊತ್ತಿನ್ಯಾಗ.

ಗೌಂಡಿ ಲಾಲಸಾಬ ಟೇಪು ಹಿಡ್ಕೊಂಡು ನಿಂತಾವ
ಒಮ್ಮೆ ಇವರನ್ನ ನೋಡಿದ, ಒಮ್ಮೆ ನನ್ನ ನೋಡಿದ.
"ಗುಡಿ ಕಟ್ಟೀನಿ, ದರ್ಗಾ ಕಟ್ಟೀನಿ,
ಮಂಡಾಳ ಭಟ್ಟಿ ಮೂರು ಕಟ್ಟೀನಿ.
ಮಲಗೋ ಮನ್ಯಾಗ ಒಲಿ ಕಟ್ಟಿಲ್ರಿ ಅಕ್ಕಾರ.
ಇವ್ರಿಗೆ ಜ್ವರ ಗಿರ ಬಂದಾವೇನು?"

ಜ್ವರ ಇಲ್ಲಪ್ಪ.
ಮೂವತ್ತೊಂದು ವರ್ಷ ಶಕ್ತಿನಗರದ ಬಾಯ್ಲರಿನ ಮುಂದ ಡ್ಯೂಟಿ.
ಗೇಣುದ್ದದ ಕಿಂಡಿ, ಕಣ್ಣಿಗೆ ನೀಲಿ ಗಾಜು,
ಇಣುಕಿ ನೋಡೋದು, ರಿಜಿಸ್ಟರಿನ್ಯಾಗ ಬರಿಯೋದು:
ಉರಿ ಸ್ಥಿರ.
ಮತ್ತ ತಾಸು ಬಿಟ್ಟು: ಉರಿ ಸ್ಥಿರ.
ಮಗಳು ನರಸಮ್ಮ ಹುಟ್ಟಿದ ರಾತ್ರಿನೂ ಹಂಗೇ ಬರದಿದ್ರಂತ.

"ಇಷ್ಟು ವರ್ಷ ಬೆಂಕಿ ಕಾದೀನಿ," ಅಂದ್ರು,
"ಒಂದು ದಿನಾನೂ ಅದರ ಮುಂದ ಕುಂತಿಲ್ಲ."

ನಾನು ಸುಮ್ನಾದೆ. ಒಪ್ಪಿದ್ಲು ಅಂತ ತಿಳಕೊಂಡ್ರು.
ನನ್ನ ಲೆಕ್ಕ ಬ್ಯಾರೆ ಇತ್ತು:
ಗ್ಯಾಸು ಬರೋ ತನಕ ಹನ್ನೆರಡು ವರ್ಷ
ಒಲಿ ಮುಂದಿಂದ ನಾ ಎದ್ದಿದ್ದು ಯಾವಾಗ?

ಕೂಲರ್ ಕಿತ್ರು. ಗ್ವಾಡಿ ಒಡದ್ರು.
ಉಪ್ಪಿನಕಾಯಿ ಭರಣಿ ತನಕ ಇಟ್ಟಂಗಿ ಧೂಳು.
"ಬೆಂಕಿಗೆ ಜಾಗ ಯಾರರ ಕೊಡ್ತಾರ," ಅಂದ ಲಾಲಸಾಬ,
"ಕಟ್ಟಿದ ಮನ್ಯಾಗ ಹೊಗಿಗೆ ದಾರಿ ಕೊಡೋದು ಕಷ್ಟ ನೋಡ್ರಿ."
ಸ್ಲ್ಯಾಬು ಕೊರದ, ಮೂರು ಸರಳು ಕತ್ತರಿಸಿದ.
ಆ ತೂತಿನಿಂದ ಎರಡು ದಿನ ಪಡಸಾಲಿಗೆ
ರೊಟ್ಟಿ ಅಗಲದ ಬಿಸಲು ಬಿತ್ತು.
ಬೆಕ್ಕು ಅದರಾಗ ಮಲಗಿ, ಬಿಸಲು ಸರದಂಗ ತಾನೂ ಸರೀತಿತ್ತು.

ಗುಜರಿ ಹರಾಜಿನ್ಯಾಗ ಬಾಯ್ಲರಿನ ಹಳೇ ಇಟ್ಟಂಗಿ ತಂದಿದ್ರು,
ಒಂದು ಮಗ್ಗಲು ಕರಗಿ ಗಾಜಿನಂಗ ಮಿಂಚೋವು.
"ಆ ಮಗ್ಗಲು ಒಳಗ ಬರ್ಲಿ," ಅಂದ್ರು. "ಅದಕ್ಕ ರೂಢಿ ಐತಿ."

ಆಷಾಢದಾಗ ಒಮ್ಮೆ ಹಚ್ಚಿ ನೋಡಿದ್ರು.
ಕೃಷ್ಣೆ ಕಡೆ ಗಾಳಿ ಚಿಮಣಿಯಾಗ ಇಳದು
ಹೊಗಿ ಎಲ್ಲ ಮನಿಯೊಳಗ.
ಬಾಜೂಕಿನ ಸೂಗಮ್ಮ ಕೊಡ ನೀರು ಹೊತ್ಕೊಂಡು ಓಡಿ ಬಂದ್ಲು,
ಬಂದಾಕಿ ಸುಮ್ನ ಹೋಗಲಿಲ್ಲ,
ಓಣಿಗೆಲ್ಲ ಹೇಳಿದ್ಲು.
ಲಾಲಸಾಬ ಮತ್ತ ಎರಡು ಫೂಟು ಏರಿಸಿದ.

ಆಮ್ಯಾಲ ಚಳಿಗೆ ಕಾಯೋದು.
ದಸರಾ ಹೋತು, ದೀಪಾವಳಿ ಹೋತು.
ಸಂಜಿಗೆ ಅಂಗಳಕ್ಕ ಹೋಗಿ ತೋಳು ತಿಕ್ಕಿ ನೋಡ್ಕೊಂಡು
ಸಪ್ಪಗ ಒಳಗ ಬರ್ತಿದ್ರು.
ನಮ್ಮ ರಾಯಚೂರಿನ್ಯಾಗ ಚಳಿಗೆ ಇಷ್ಟು ಮರ್ಯಾದಿ
ಯಾರೂ ಕೊಟ್ಟಿರಲಿಕ್ಕಿಲ್ಲ.

ಎಳ್ಳಮಾಸಿ ದಾಟಿದ ರಾತ್ರಿ ಬಂತು.
ಮೊದಲು ಹತ್ತಿಕಟಗಿ, ಭುಗ್ಗ ಅಂತು, ಮುಗೀತು.
ಅದರ ಮ್ಯಾಲ ಬಳ್ಳಾರಿ ಜಾಲಿ ಕೊರಡು,
ನಿಧಾನ, ಹಟಮಾರಿ.
ಇವ್ರು ಕುಂತ್ರು.
ಕುಂತಾವ್ರ ಕೈ ಅಂಗಿ ಕಿಸೆ ತಡಕಾಡಿತು,
ನೀಲಿ ಗಾಜಿಗೆ ಇರಬೇಕು.
ಎದ್ರು, ಇಣುಕಿದ್ರು, ಮತ್ತ ಕುಂತ್ರು.
ಮೂರನೇ ಸರತಿ ಎದ್ದಾಗ ನರಸಮ್ಮ ನಕ್ಕು
ಭುಜ ಹಿಡದು ಕುಂದರಿಸಿದ್ಲು.

"ನೀನೂ ಬಾ, ಕುಂದ್ರು."
"ಕುಂತು ಸಾಕಾಗೇತಿ. ನಾ ನಿಂತೇ ಕಾಸ್ಕೋತೀನಿ."
ಬೆಂಕಿಗೆ ಬೆನ್ನು ಕೊಟ್ಟು ನಿಂತೆ.
ಹುಟ್ಟಿದಾಗಿಂದ ಮುಖಕ್ಕೇ ಬಡದ ಝಳ
ಬೆನ್ನಿಗೆ ಎಷ್ಟು ಹಿತ ಅಂತ ನನಗ ಯಾರೂ ಹೇಳಿರಲಿಲ್ಲ.
ಕಣ್ಣು ಉರೀಲಿಲ್ಲ. ಊದೋದು ಇರಲಿಲ್ಲ.
ಎದುರಿನ ಗ್ವಾಡಿ ಮ್ಯಾಲ ನನ್ನ ನೆರಳು
ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತಿತ್ತು,
ಯಾರೋ ಆಫೀಸರಂಗ.

ಎಲ್ಲಾ ಸೇರಿ ಆರು ರಾತ್ರಿ ಉರೀತು.
ಕ್ಯಾಲೆಂಡರಿನ ಆರು ಮನ್ಯಾಗ ಪೆನ್ಸಿಲಿಲೆ ಬರದಾರ,
ಒಂದರಾಗ ಮಾತ್ರ: ಹೊಗಿ ಸ್ವಲ್ಪ.

ಆ ದೊಡ್ಡ ಚಿಮಣಿ ಬೂದಿ ಎಷ್ಟೋ ವರ್ಷ
ಒಣಹಾಕಿದ ಸೀರಿ ಮ್ಯಾಲ, ಹಪ್ಪಳದ ಮ್ಯಾಲ ಬಿದ್ದೈತಿ.
ಒಮ್ಮೆ ಅದರಲೆ ಪಾತ್ರಿ ತಿಕ್ಕಾಕ ಹೋಗಿದ್ದೆ.
ಮುಖಕ್ಕ ಹಚ್ಚೋ ಪೌಡರಿನಂಗ ಜಾರ್ತಿತ್ತು, ಕೊಳಿ ಹೋಗಲಿಲ್ಲ.
ಈ ಬೂದಿ ಒಂದು ಬೊಗಸಿ ತಗೊಂಡು
ಹುಣಸಿಹಣ್ಣು ಕಲಸಿ
ತವರಿನ ಹಿತ್ತಾಳಿ ತಂಬಗಿ ತಿಕ್ಕಿದೆ.
ಇವ್ರು ಅದನ್ನ ತಿರುವಿ ತಿರುವಿ ನೋಡಿದ್ರು,
ಏನೂ ಅನ್ನಲಿಲ್ಲ.

ಶಿವರಾತ್ರಿ ಹೋತು.
ಕೂಲರ್ ಎಲ್ಲಿ ಇಡೋದು ಅಂತ ಇನ್ನೂ ಬಗೀಹರಿದಿಲ್ಲ.