ಒದ್ದೆ ಮಾಡಿ ಗುಡಿಸಿ

ಇಲಿ ಎಂದು ನಾನು ಬರೆಯುತ್ತೇನೆ.
ತುಳುವಿಗೂ ಮಲೆಯಾಳಕ್ಕೂ ಅದು ಎಲಿ,
ಪೇಟೆಯ ಕೊಂಕಣಿ ಅಂಗಡಿಯಲ್ಲಿ ಉಂದೀರ್.
ಕುಂಬಳೆ ರೈಲ್ವೇ ಗೇಟಿನಾಚೆ, ಕೊಬ್ಬರಿ ಗೋದಾಮಿನೊಳಗೆ
ಅದಕ್ಕೆ ಹೆಸರಿಲ್ಲ,
ಗೋಣಿಯ ಮೂಲೆಯಲ್ಲೊಂದು ತೂತು, ಅಷ್ಟೇ.

ಇಪ್ಪತ್ತೆರಡು ವರ್ಷ ಅಲ್ಲಿ ಗುಡಿಸಿದವಳು ದುಗ್ಗು.
ಹಂಚಿನ ಸಂದಿಯಿಂದ ಬೆಳಗಿನ ಬಿಸಿಲು ಇಳಿದಾಗ
ಹಿಡಿಸೂಡಿಯ ಹಿಂದೆಯೇ ಧೂಳೆದ್ದು
ಕೋಲಿನಂತೆ ನೆಟ್ಟಗೆ ನಿಲ್ಲುತ್ತಿತ್ತು.
"ಚಂದ ಕಾಣ್ತದೆ ಅಲ್ವಾ ಟೀಚರೇ?" ಎಂದಿದ್ದಳೊಮ್ಮೆ.
(ಪುಸ್ತಕ ಹಿಡಿದು ಮನೆಮನೆ ಸುತ್ತುವವರೆಲ್ಲ ಅವಳಿಗೆ ಟೀಚರ್.)

ಮೊದಲ ದಿನ ಮೈಕೈ ನೋವು. ಮರುದಿನ ಕಣ್ಣು ಕೆಂಪು.
ಮೂರನೆಯ ದಿನ ಸೊಂಟದ ಮೇಲೆ ಯಾರೋ ಹತ್ತಿ ಕೂತ ಹಾಗೆ.
ಎಲಿಪ್ಪನಿ, ಎಂದರು ಎಲ್ಲರೂ. ನಾನೂ ಅದನ್ನೇ ಬರೆದೆ:
ಗದ್ದೆಯ ಕೆಸರಲ್ಲಿ ಕಾಲಿಗೆ ತಾಗುವ,
ಹೆಸರು ಗೊತ್ತಿರುವ, ಮಾತ್ರೆ ಇರುವ ಜ್ವರ.
ತೀವ್ರತೆ ಎಂಬ ಕಾಲಮ್ಮಿನಲ್ಲಿ: ಸೌಮ್ಯ.

ಗದ್ದೆಗೆ ಇಳಿಯದೆ ಎಷ್ಟು ವರ್ಷವಾಯಿತು ಎಂದು
ಕೇಳುವುದು ನನ್ನ ಕೆಲಸ.
ಕೇಳಿರಲಿಲ್ಲ.

ರಕ್ತ ಅಲ್ಲ ಎಂದಿತು. ಎರಡನೇ ಸಲ ತೆಗೆದಾಗಲೂ ಅಲ್ಲ.
ಡಾಕ್ಟರ್ ರೆಜುಲಾ ನನ್ನ ಅಕ್ಷರದ ಮೇಲೆ ಗೆರೆ ಎಳೆದರು:
"ಇದು ಬೇರೆ. ವೈರಸ್ಸು. ಇಲಿಯದ್ದೇ, ಆದರೆ ಕೆಸರಿನದ್ದಲ್ಲ.
ಒಣಗಿದ ಮೂತ್ರ, ಹಿಕ್ಕೆಯ ಪುಡಿ. ಗುಡಿಸಿದರೆ ಏಳುತ್ತದೆ,
ಎದ್ದದ್ದನ್ನು ಉಸಿರಾಡುತ್ತೇವೆ."
ಮಾತ್ರೆ? ಎಂದೆ.
ಅವರು ಗೋಡೆಯ ಗಡಿಯಾರ ನೋಡಿದರು.

ಹಿಂದೊಂದು ಜ್ವರದ ಕಾಲದಲ್ಲಿ ರಸ್ತೆಗೆ ಮಣ್ಣು ಸುರಿದಿದ್ದರು ಗಡಿಯಲ್ಲಿ.
ಈ ಸಲ ತಲಪಾಡಿ ತೆರೆದೇ ಇತ್ತು, ಆಂಬುಲೆನ್ಸ್ ನಿಲ್ಲಲಿಲ್ಲ.
ಮಂಗಳೂರಿನ ವಾರ್ಡಿನಲ್ಲಿ ದುಗ್ಗುವಿನ ಮೂತ್ರ ಅಳೆದರು:
ನಾನ್ನೂರು. ನೂರ ಎಂಬತ್ತು. ನಲವತ್ತು.
ಆಮೇಲೆ ಚೀಲದ ತಳಕ್ಕೆ ಅಂಟಿದ
ಕಡು ಚಾಯದ ಬಣ್ಣದ ಒಂದು ಗೆರೆ.
ಒಂದು ಇಲಿ ಒಂದು ರಾತ್ರಿ ಬಿಡುವಷ್ಟೂ ಇರಲಿಲ್ಲ ಅದು.

ಇತ್ತ ನಾಯ್ಕಾಪಿನಲ್ಲಿ
ಹಾಲಿನವನು ತೊಟ್ಟೆಯನ್ನು ತಡಮೆಯಲ್ಲೇ ಇಟ್ಟು ಓಡಿದ.
ಬಾವಿಯ ಹಗ್ಗ ಮುಟ್ಟಬೇಡ ಎಂದರು ಅವಳ ಮಗಳಿಗೆ.
ಮನುಷ್ಯರಿಂದ ಮನುಷ್ಯರಿಗೆ ಬರುವ ಜ್ವರವಲ್ಲ ಇದು,
ಎಂದೆ ನಾನು, ಗೊತ್ತಿದ್ದ ಮೂರೂ ಭಾಷೆಯಲ್ಲಿ.
ತಲೆಯಾಡಿಸಿದರು. ಆಡಿಸುತ್ತಲೇ
ಒಂದು ಹೆಜ್ಜೆ ಹಿಂದೆ ಸರಿದರು, ನನ್ನಿಂದಲೂ.

ಹನ್ನೆರಡು ಬೋನು, ಒಣಮೀನಿನ ತುಂಡು. ಸಿಕ್ಕಿದ್ದು ಮೂರು.
ಮೂರಕ್ಕೂ ಏನೂ ಆಗಿರಲಿಲ್ಲ.
ಮೀಸೆ ತೀಡಿಕೊಳ್ಳುತ್ತ, ಹೊಳೆಯುವ ಕಣ್ಣಿನಿಂದ
ಬಿಲ್ಲು ಕಟ್ಟಲು ಬಂದವನನ್ನು ನೋಡುವ ಅಂಗಡಿಯವರ ಹಾಗೆ
ನನ್ನನ್ನು ನೋಡಿದವು.

ಮತ್ತು ಗೋದಾಮಿನಲ್ಲಿ ಆಗಲೇ ಇನ್ನೊಬ್ಬ ಗುಡಿಸುತ್ತಿದ್ದ.
"ಕೆಲಸ ನಿಲ್ಲಿಸ್ಲಿಕ್ಕೆ ಆಗ್ತದಾ?" ಎಂದ ರೈಟರ್ ಪಕೀರ,
ಮೂಗಿಗೆ ಕರವಸ್ತ್ರ ಹಿಡಿದು, ಬಾಗಿಲ ಹೊರಗಿನಿಂದ.
ಬಂಗಾಳದ ಹುಡುಗ, ಸುಫಲ್. ಹತ್ತೊಂಬತ್ತಿರಬಹುದು.
ಬೋನು ತೋರಿಸಿದೆ. ಇಂದುರ್, ಎಂದು ನಕ್ಕ.
ಸರಿ, ಇಂದುರ್.
ಮುಂದಿನದ್ದಕ್ಕೆ ನನ್ನಲ್ಲಿ ಭಾಷೆಯಿಲ್ಲ.

ಅವನ ಕೈಯಿಂದ ಹಿಡಿಸೂಡಿ ಕಿತ್ತು ಮೂಲೆಗೆ ಎಸೆದೆ.
ಮಾಸ್ಕು ಕಟ್ಟಿದೆ, ತಮ್ಮನಿಗೆ ಕಟ್ಟಿದ ಹಾಗೆ, ಕಿವಿ ಹಿಂಡಿ.
ಬ್ಲೀಚಿಂಗ್ ಪೌಡರು ಕಲಸಿದ ನೀರು, ನಾಲ್ಕು ಕೊಡಪಾನ,
ನೆಲದ ಮೇಲೆ ಮೆಲ್ಲಗೆ, ಚಿಮ್ಮದಂತೆ.
ಅವನು ಬಟ್ಟೆಗೆ ಕೈಹಾಕಿದ. ಮಣಿಕಟ್ಟು ಹಿಡಿದೆ.
ಕಾಯಬೇಕು. ಅರ್ಧ ಗಂಟೆ.
ಜಗಲಿಯಲ್ಲಿ ಇಬ್ಬರೂ ಸುಮ್ಮನೆ ಕೂತೆವು.

ಆಗ ಫೋನು. ದುಗ್ಗುವಿನ ತಮ್ಮ ಐತಪ್ಪ, ವಾರ್ಡಿನಿಂದ:
ಅರುವತ್ತು, ಟೀಚರೇ, ಅರುವತ್ತು!
ಹೆರಿಗೆಯ ಸುದ್ದಿ ಕೂಗುವವನಂತೆ ಕೂಗಿದ.
ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ.

ಒಳಗೆ ಹಂಚಿನ ಸಂದಿಯಿಂದ ಬಿಸಿಲು ಬಂದಿತ್ತು.
ನೆಲದ ಒದ್ದೆಯಲ್ಲಿ ನಾಣ್ಯದಷ್ಟು ಬೆಳಕು.
ಹಂಚಿಗೂ ನೆಲಕ್ಕೂ ನಡುವೆ
ಏನೂ ಕಾಣುತ್ತಿರಲಿಲ್ಲ.