ಕಣ್ಣು ನೀಲಿಯಾದಾಗ ಇಲಿ ಕೊಡಬೇಡ

ಮಂಗಳವಾರ ಕರಗಿಸಿಟ್ಟ ಇಲಿಯನ್ನು
ಹೆಲ್ಮಿ ಮೂಸಲೂ ಇಲ್ಲ.
ಆರಡಿಯ ಬೋವಾ, ಒಪ್ಪೊತ್ತು ಬಿಟ್ಟವಳಲ್ಲ,
ತೊಗಟೆಯಡಿ ಮುದುಡಿಕೊಂಡು
ಬಾಲದ ತುದಿಯೊಂದನ್ನು ಹೊರಗೆ ಮರೆತಿದ್ದಾಳೆ.

ತೌನೋ ಗಾಜಿಗೆ ಮೂಗು ಒತ್ತಿ ನೋಡುತ್ತಾನೆ.
ಮೂವತ್ತೊಂದು ವರ್ಷ ಕೊತ್ಕಾ ಬಂದರಿನ ಕ್ರೇನಿನ ತುದಿಯಲ್ಲಿ ಕೂತು
ಹಡಗಿನ ಹೊಟ್ಟೆಯೊಳಗೆ ಕಾಗದದ ಸುರುಳಿಗಳನ್ನು
ಮೊಟ್ಟೆ ಇಡುವ ಹಾಗೆ ಇಳಿಸಿದ ಕಣ್ಣು,
ಈಗ ಹಾವೋ ಹಗ್ಗವೋ ಎಂದು ತಡಕಾಡುತ್ತದೆ.

ಹೆಲ್ಮಿ ಅವನವಳಲ್ಲ. ಎದುರು ಮನೆಯ ಸೆಪ್ಪೊ
ಅಕ್ಟೋಬರಿನಲ್ಲಿ ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ.
ತಂಗಿ ಬಂದಳು, ಸೋಫಾ ಒಯ್ದಳು, ಗಡಿಯಾರ ಒಯ್ದಳು,
ಹಾವಿನ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತಳು.
'ಇರಲಿ ಬಿಡಿ' ಅಂದುಬಿಟ್ಟ ತೌನೋ.
ಯಾಕೆ ಅಂದನೋ, ಅವನಿಗಿನ್ನೂ ಗೊತ್ತಿಲ್ಲ.
ಪೆಟ್ಟಿಗೆಯ ಜೊತೆ ಬಂತು ರಟ್ಟು ಹರಿದ ನೋಟುಬುಕ್ಕು,
ಇರುವೆ ಸಾಲಿನಂಥ ಸೆಪ್ಪೊನ ಅಕ್ಷರ.

ಮೂರನೇ ಮಹಡಿಯ ಸಗಲ್ ಬಂದು ಓದುತ್ತಾಳೆ,
ಹನ್ನೊಂದು ವರ್ಷ, ಪುಟಕ್ಕೊಂದು ಬಿಸ್ಕತ್ತು, ಸಾಲವಿಲ್ಲ:

'ಕಣ್ಣು ನೀಲಿಯಾದಾಗ ಇಲಿ ಕೊಡಬೇಡ.
ಮುಟ್ಟಬೇಡ. ಏನೂ ಕಾಣುವುದಿಲ್ಲ, ಕೋಪ ಬರುತ್ತದೆ.
ನೀರಿನ ತೊಟ್ಟಿಯಲ್ಲಿ ಇಡೀ ದಿನ ಮಲಗಿದರೆ ಮಲಗಲಿ.
ಹೀಟರಿನ ಗಾಳಿ ಒಣಕಲು, ನೀರು ಚಿಮುಕಿಸು.
ಒಂದಿಷ್ಟು ಮಾತಾಡಿಸು. ಅವಳಿಗಲ್ಲ, ನಿನಗೆ ಒಳ್ಳೆಯದು.'
'ಇದೆಲ್ಲ ಹಾವಿನ ಬಗ್ಗೆಯೇನಾ?'
'ಓದು' ಅಂದ.

ಟಾರ್ಚು ಹಿಡಿದು ತೊಗಟೆ ಎತ್ತಿದಳು.
ಹೆಲ್ಮಿಯ ಕಣ್ಣಲ್ಲಿ ನೀರು ಬೆರೆಸಿದ ಹಾಲು.
ಅದೇ ಟಾರ್ಚು ಇತ್ತ ತಿರುಗಿತು.
'ನಿಮ್ಮದೂ ಪೊರೆಯೇ.'
'ನನ್ನದು ಕಳಚುವುದು ಫೆಬ್ರವರಿ ಹನ್ನೆರಡಕ್ಕೆ,
ಬೆಳಿಗ್ಗೆ ಎಂಟೂಕಾಲು, ಎರಡನೇ ಮಹಡಿ.'

ಅಂತೂ ಮನೆಗಿಬ್ಬರು ಮಂಜುಗಣ್ಣಿನವರು.
ಅವಳು ಬುಸ್ಸೆಂದರೆ ಅವನು ಕೆಮ್ಮುತ್ತಾನೆ:
ನಾನೇ, ನಾನೇ, ಬೇರೆ ಯಾರೂ ಅಲ್ಲ.
ಶನಿವಾರ ಸೌನಾ ಮುಗಿದು, ಕಲ್ಲು ತಣಿದು,
ಹಲಗೆ ಬರೀ ಉಗುರುಬೆಚ್ಚಗೆ ಉಳಿದಾಗ
ಪೆಟ್ಟಿಗೆಯನ್ನೇ ನೂಕಿ ಬಾಗಿಲ ಹಬೆಗೆ ತಂದಿಟ್ಟ.
ಸೊಂಟ ಹಿಡಿಯಿತು. ಸತ್ತವನನ್ನು ಬೈದ.

ಆರನೇ ದಿನ ಅವಳ ಕಣ್ಣು ತಾನಾಗಿ ತಿಳಿಯಾಯಿತು.
ಅದಕ್ಕೂ ಒಂದು ಸಾಲಿತ್ತು: 'ಮುಗಿಯಿತು ಅಂದುಕೊಳ್ಳಬೇಡ.'
ಮತ್ತೆ ನಾಲ್ಕು ದಿನ. ರಾತ್ರಿ ಮೂರಕ್ಕೆ
ಕಲ್ಲಿಗೆ ಮೂತಿ ತಿಕ್ಕುವ ಸದ್ದು,
ಯಾರೋ ತೇವದ ಬೆಂಕಿಕಡ್ಡಿ ಗೀರುತ್ತಲೇ ಇದ್ದ ಹಾಗೆ.

ದೀಪ ಹಾಕಲಿಲ್ಲ. ಹಾಕಿದ್ದರೂ ಏನು ಕಾಣುತ್ತಿತ್ತು.
'ಎಳೆಯಬೇಡ', ಅದೂ ಬರೆದಿತ್ತು.
ನೆಲಕ್ಕೆ ಕೂತ. ಪೊರೆವ ಎರಡು ಕೈಗಳನ್ನೂ
ತೊಡೆಯ ಕೆಳಗೆ ಒತ್ತಿಟ್ಟುಕೊಂಡ.
ತುಟಿ ಬಿಟ್ಟು, ಗದ್ದ ಬಿಟ್ಟು, ಒಳಗು ಹೊರಗಾಗುತ್ತ,
ಒದ್ದೆ ಕಾಲುಚೀಲದ ಹಾಗೆ
ಏನೋ ಒಂದು ಬಲು ನಿಧಾನ ಹಿಂದೆ ಸರಿಯಿತು.

ಬೆಳಿಗ್ಗೆ ಕೈಯಾಡಿಸಿದ. ಇಡಿಯಾಗಿ ಬಂದಿದೆ,
ಅವಳಿಗಿಂತ ಒಂದು ಗೇಣು ಹೆಚ್ಚು.
ತಲೆಯ ಕಡೆ ಬೆರಳಿಗೆ ಒಂದು ಪುಟ್ಟ ಗಾಜಿನ ಬಟ್ಟಲು.
ಬಹಳ ಹೊತ್ತು ಹುಡುಕಿದ ಮೇಲೆ, ಇನ್ನೊಂದು.
ಕಣ್ಣು ಎರಡೂ ಬಂದಿವೆಯಾ ಎಣಿಸು, ಅಂದಿದ್ದೆಯಲ್ಲ.
ಎಣಿಸಿದೆ ಮಾರಾಯ.

ಸಂಜೆ ಇಲಿ ಗುಳುಂ.
ಸಗಲ್ ಟೇಪು ಹಿಡಿದು ಪೊರೆ ಅಳೆದು
ಸೆಪ್ಪೊನ ಕೊನೆಯ ಸಾಲಿನ ಕೆಳಗೆ ತನ್ನ ದುಂಡಕ್ಷರದಲ್ಲಿ ಬರೆದಳು:
ಜನವರಿ ಇಪ್ಪತ್ತೇಳು. ಹೆಲ್ಮಿ. ಎರಡು ಮೀಟರು, ಮೇಲೆ ಐದು ಸೆಂಟಿ.
ಆಮೇಲೆ, ಯಾರೂ ಹೇಳದೆ, ಇನ್ನೊಂದು ಬಿಸ್ಕತ್ತು ಎತ್ತಿಕೊಂಡು:
ಫೆಬ್ರವರಿ ಹನ್ನೆರಡು. ತೌನೋ.
ಮುಟ್ಟಬೇಡಿ, ಕೋಪ ಬರುತ್ತದೆ.