ಅಳತೆ ಪುಸ್ತಕ

ಸಕಲೇಶಪುರದ ಹಳೇ ಬಸ್‌ಸ್ಟ್ಯಾಂಡಿನ ಎದುರು
ಅಪ್ಪನ ಅಂಗಡಿ. ಕೆಂಪು ರಟ್ಟಿನ ಅಳತೆ ಪುಸ್ತಕ.
ಎಂಬತ್ತಮೂರನೇ ಪುಟದಲ್ಲಿ ಅವಳು:
ಕಾಂತಮ್ಮ, ಇಟಲಿ.

ಕೊಂತೆಸ್ಸಾ ಎಂದಿದ್ದಳಂತೆ, ನೆಟ್ಟಗೆ ನಿಂತು.
ಊರ ನಾಲಗೆ ಅಷ್ಟು ದೂರ ಹೊರಳಲಿಲ್ಲ.
ಆಮೇಲೆಂದೋ ಆ ಹೆಸರಿನ ಕಾರು ಬಂದಾಗ
ನಮ್ಮ ಕಾಂತಮ್ಮನದೇ ಅಂದರು ಎಲ್ಲ.

ಸೊಂಟ ಇಪ್ಪತ್ತಮೂರೂವರೆ.
ಟೇಪು ತಾನೇ ಸುತ್ತಿಕೊಂಡು ಕೂಗಿದಳು;
ಅಪ್ಪ ಗೋಡೆ ನೋಡುತ್ತ ಬರೆದ.

ವೆನಿಸ್ಸಿನಲ್ಲಿ ಅವಳ ಬೆನ್ನು ನೋಡಲೆಂದೇ
ದೋಣಿಗಳು ನಿಲ್ಲುತ್ತಿದ್ದವಂತೆ. ಇಲ್ಲಿ
ಕ್ಲಬ್ಬಿನ ಹೆಂಗಸರು ಮರುದಿನವೇ ರೇಷ್ಮೆ ಹಿಡಿದು ಬಂದರು:
"ವಿಠೋಬಣ್ಣ, ಅವಳ ಥರದ್ದೇ ತೋಳು."

ಗಂಡ ತೋಟ ಮಾರಿದ, ಕುದುರೆಗೆ ಕಟ್ಟಿದ, ಸತ್ತ.
ಪುಸ್ತಕದಲ್ಲಿ ಅದಿಲ್ಲ. ಇರುವುದು
ಇಪ್ಪತ್ತಾರು, ಮೂವತ್ತು, ಮತ್ತೆ ಇಪ್ಪತ್ತೇಳು.
ಅದೇ ಕಪ್ಪು ಗೌನು,
ಬಿಚ್ಚಿ ಹೊಲಿದು, ಹೊಲಿದು ಬಿಚ್ಚಿ
ಒಳಮಡಿಕೆಯಲ್ಲಿ ಸೂಜಿಗೆ ಜಾಗ ಉಳಿಯಲಿಲ್ಲ.
ಆದರೂ ಅಂಗಡಿ ಮೆಟ್ಟಿಲು ಇಳಿಯುವಾಗ
ಫೋಟೋದವನು ಇದ್ದಾನೇನೋ ಎಂಬಂತೆ
ಅರೆಗಳಿಗೆ ನಿಲ್ಲುವಳು, ಗದ್ದ ಎತ್ತಿ.
ಎದುರಿಗೆ ಹಾಸನದ ಬಸ್ಸು.

ಕೊನೆಯ ಸಾಲು: ಇಪ್ಪತ್ತಮೂರೂವರೆ.
ಬರೆದವನು ಕೊರಳ ಟೇಪು ತೆಗೆದು
ಸುತ್ತಿ ಡ್ರಾಯರಿಗೆ ಹಾಕಿದ, ಮಧ್ಯಾಹ್ನವೇ.
ಕೂಲಿ ಬಾಕಿ ಹನ್ನೆರಡು ರೂಪಾಯಿ.
ಅದನ್ನು ಅವನು ಹೊಡೆದುಹಾಕಲೇ ಇಲ್ಲ.

ನಿನ್ನೆ ಬಾಳ್ಳುಪೇಟೆಯ ಹುಡುಗಿಯೊಬ್ಬಳು
ಮದುವೆ ಬ್ಲೌಸು ತಂದಳು: "ಕಾಂತಮ್ಮ ತೋಳು ಇಡಿ."
ಯಾರಮ್ಮಾ ಕಾಂತಮ್ಮ, ಎಂದೆ.
"ಅಯ್ಯೋ ಆಂಟಿ, ಅದು ಡಿಸೈನ್ ಹೆಸರು,
ಟೈಲರಾಗಿ ನಿಮಗೇ ಗೊತ್ತಿಲ್ವಾ?"